ಪರದೆಯ ಮುಂದೋ, ಚಾಪೆಯ ಮೇಲೋ: ಹೆರಿಗೆಯ ತರಗತಿ ಆರಿಸಿಕೊಳ್ಳುವ ಬಗೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿ ನಗುವ ಗಾದೆಯೊಂದಿದೆ. ಕುಲಾವಿಯ ವಿಷಯದಲ್ಲಿ ಗಾದೆ ಸರಿಯಿರಬಹುದು. ಆದರೆ ಕೂಸು ಹುಟ್ಟುವ ಮುಂಚೆಯೇ ಕಲಿತು ಮುಗಿಸಬೇಕಾದ ಪಾಠಗಳು ಕೆಲವಿವೆ. ಹೆರಿಗೆ ನೋವು ಕಾಣಿಸಿಕೊಂಡ ಮೇಲೆ ಉಸಿರಾಟದ ಕ್ರಮವನ್ನು ಹೊಸದಾಗಿ ಕಲಿಯುವ ವ್ಯವಧಾನ ಯಾರಿಗೂ ಇರುವುದಿಲ್ಲ. ನಡುರಾತ್ರಿ ಮಗು ಅಳುತ್ತಿರುವಾಗ ಅದನ್ನು ಎದೆಗೆ ಹಚ್ಚುವ ಬಗೆಯನ್ನು ಮೊಬೈಲಿನಲ್ಲಿ ಹುಡುಕಲು ಕೈಗಳೂ ಬಿಡುವಾಗಿರುವುದಿಲ್ಲ.

ಗರ್ಭಿಣಿಯರಿಗೆ ಹೀಗೆ ಮುಂಚಿತವಾಗಿ ಪಾಠ ಹೇಳುವುದು ಹೊಸ ಯೋಚನೆಯಲ್ಲ. ಭಯದಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ, ನೋವಿನಿಂದ ಭಯ ಮತ್ತೆ ಬೆಳೆಯುತ್ತದೆ ಎಂದು ಬ್ರಿಟನ್ನಿನ ಪ್ರಸೂತಿ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ವಾದಿಸಿದ್ದರು. ಫ್ರಾನ್ಸಿನ ಪ್ರಸೂತಿ ವೈದ್ಯ ಫೆರ್ನಾಂ ಲಮಾಜ್ 1951ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ಅಲ್ಲಿಯ ಹೆರಿಗೆಯ ತರಬೇತಿಯನ್ನು ಕಂಡು ಬಂದರು. ಅವರು ಪ್ಯಾರಿಸ್ಸಿನಲ್ಲಿ ಬೆಳೆಸಿದ ಉಸಿರಾಟದ ಪದ್ಧತಿ ಇಂದಿಗೂ ಅವರ ಹೆಸರಿನಲ್ಲೇ ಚಾಲ್ತಿಯಲ್ಲಿದೆ. ಅಲ್ಲಿಂದ ಹಲವು ದಶಕಗಳ ಕಾಲ ಈ ತರಗತಿ ಎಂದರೆ ಒಂದು ಕೋಣೆ, ನಾಲ್ಕಾರು ಚಾಪೆ, ದಿಂಬುಗಳು ಮತ್ತು ಒಂದು ಗೊಂಬೆ. 2020ರಲ್ಲಿ ಕೋವಿಡ್ ಬಂದು ಕೋಣೆಗಳ ಬಾಗಿಲು ಮುಚ್ಚಿತು. ತರಗತಿಗಳು ಪರದೆಗೆ ಬಂದವು. ಬಾಗಿಲು ಮತ್ತೆ ತೆರೆದ ಮೇಲೂ ಪರದೆ ಉಳಿದುಕೊಂಡಿತು. ಹಾಗಾಗಿ ಇಂದಿನ ಗರ್ಭಿಣಿಯ ಮುಂದೆ ಎರಡೂ ದಾರಿಗಳಿವೆ.

ಇವೆರಡರಲ್ಲಿ ಯಾವುದು ಮೇಲು ಎಂದು ಕೇಳುವವರು ಬಹಳ. ನನಗೆ ಆ ಪ್ರಶ್ನೆಯೇ ಕೊಂಚ ಓರೆಯಾಗಿ ಕಾಣುತ್ತದೆ. ಪರದೆಗೂ ಕೋಣೆಗೂ ಇರುವ ಅಂತರಕ್ಕಿಂತ ದೊಡ್ಡ ಅಂತರ ಬೇರೆಯೇ ಇದೆ: ನಿಮ್ಮನ್ನು ನೋಡಿ ತಿದ್ದುವವರೊಬ್ಬರು ಅಲ್ಲಿದ್ದಾರೆಯೇ ಇಲ್ಲವೇ ಎನ್ನುವುದು. ಐವತ್ತು ಮಂದಿ ತುಂಬಿದ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು ಉಪನ್ಯಾಸ ಕೇಳಿ ಬರುವುದಕ್ಕಿಂತ, ಆರೇಳು ಮಂದಿಯ ನೇರ ಆನ್‌ಲೈನ್ ತರಗತಿಯಲ್ಲಿ ಹೆಸರು ಹಿಡಿದು ಕರೆಸಿಕೊಂಡು ಪ್ರಶ್ನೆ ಕೇಳುವುದು ಎಷ್ಟೋ ಮೇಲು. ಹಾಗೆಯೇ ಮೊದಲೇ ಚಿತ್ರೀಕರಿಸಿದ ವಿಡಿಯೋಗಳ ಕಂತೆಯನ್ನು ಕೊಟ್ಟು ಅದನ್ನು ‘ತರಗತಿ’ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅದು ಪುಸ್ತಕವಿದ್ದ ಹಾಗೆ. ಒಳ್ಳೆಯ ಪುಸ್ತಕವೇ ಇರಬಹುದು, ಆದರೆ ಅದು ನಿಮ್ಮತ್ತ ತಿರುಗಿ ನೋಡುವುದಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ತರಗತಿಗಳ ಬಗ್ಗೆ ಜಾಹೀರಾತುಗಳು ದೊಡ್ಡ ದೊಡ್ಡ ಭರವಸೆ ಕೊಡುತ್ತವೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2007ರ ಪರಿಶೀಲನೆ ಮಾತ್ರ, ಸಾಮಾನ್ಯ ಹೆರಿಗೆ ಶಿಕ್ಷಣದ ಪರಿಣಾಮ ಇನ್ನೂ ಸ್ಪಷ್ಟವಾಗಿಲ್ಲ ಎಂದೇ ಹೇಳಿತು. ಆದ್ದರಿಂದ ‘ನಮ್ಮ ತರಗತಿಗೆ ಬಂದರೆ ಸಿಸೇರಿಯನ್ ಆಗುವುದಿಲ್ಲ’ ಎನ್ನುವವರಿಂದ ದೂರವಿರಿ. ತರಗತಿಯಿಂದ ನಿರೀಕ್ಷಿಸಬಹುದಾದದ್ದು ಇಷ್ಟು: ಏನು ನಡೆಯುತ್ತಿದೆ ಎಂಬ ತಿಳಿವಳಿಕೆ, ಯಾವಾಗ ಓಡಬೇಕು ಎಂಬ ವಿವೇಕ, ಕೈಗೆ ಒಂದಿಷ್ಟು ರೂಢಿ.

1. ಮೊದಲು ವಾರಗಳ ಲೆಕ್ಕ ಹಾಕಿ

ಕ್ಯಾಲೆಂಡರನ್ನು ತೆಗೆದು ಕೊನೆಯಿಂದ ಹಿಂದಕ್ಕೆ ಎಣಿಸಿ. ವೈದ್ಯರು ಕೊಟ್ಟ ದಿನಾಂಕ ನಲವತ್ತು ವಾರದ್ದು, ಆದರೆ ಸರಿಯಾಗಿ ಆ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದರೂ ಕರೆ ಬರಬಹುದು. ಹಾಗಾಗಿ ಹೆರಿಗೆಯ ಪಾಠಗಳು 36ನೆಯ ವಾರದೊಳಗೆ ಮುಗಿಯುವಂತಿರಬೇಕು. ಅಂದರೆ 28ರಿಂದ 30ನೆಯ ವಾರದ ಹೊತ್ತಿಗೆ ಆರಂಭವಾಗಬೇಕು, ಅದಕ್ಕೂ ನಾಲ್ಕಾರು ವಾರ ಮೊದಲೇ ಹೆಸರು ನೋಂದಾಯಿಸಿರಬೇಕು. ಮುಖಾಮುಖಿ ತರಗತಿಗಳಲ್ಲಿ ಜಾಗ ಬೇಗ ಭರ್ತಿಯಾಗುತ್ತದೆ.

ಅವಳಿ ಮಕ್ಕಳಿದ್ದರೆ ಈ ಲೆಕ್ಕ ಬದಲಾಗುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 37 ವಾರಕ್ಕೆ ಮೊದಲೇ ಹುಟ್ಟುತ್ತಾರೆ. 24ನೆಯ ವಾರದಲ್ಲೇ ಶುರುಮಾಡಿ.

ಮೊದಲ ಮೂರು ತಿಂಗಳಲ್ಲಿ ವಾಂತಿ, ಆಯಾಸಗಳ ನಡುವೆ ತರಗತಿಗೆ ಅಲೆಯುವುದು ಬೇಡ. ಆಗ ಬೇಕಾದ ವಿಷಯಗಳು ಕಡಿಮೆ. ಫೋಲಿಕ್ ಆಮ್ಲದ ಮಾತ್ರೆ, ತಪ್ಪಿಸಬೇಕಾದ ಔಷಧಿಗಳು, ರಕ್ತಸ್ರಾವವಾದರೆ ಏನು ಮಾಡಬೇಕು ಎಂಬಂಥವು. ಇವನ್ನು ವೈದ್ಯರ ಬಳಿಯೇ ಕೇಳಿ, ಮನೆಯಲ್ಲಿ ಮಲಗಿಕೊಂಡು ಓದಿ ಅಥವಾ ವಿಡಿಯೋ ನೋಡಿ. ಅಷ್ಟು ಸಾಕು.

ಯಾವ ತರಗತಿಯೂ ತಪಾಸಣೆಗೆ ಬದಲಿಯಲ್ಲ. ಗರ್ಭಾವಸ್ಥೆಯಲ್ಲಿ ಕನಿಷ್ಠ 8 ಬಾರಿಯಾದರೂ ಆರೋಗ್ಯ ಸಿಬ್ಬಂದಿಯನ್ನು ಕಾಣಬೇಕು, ಮೊದಲನೆಯದು 12 ವಾರದೊಳಗೇ ಆಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿದೆ. ರಕ್ತದೊತ್ತಡವನ್ನು ಪರದೆಯ ಮೂಲಕ ಅಳೆಯಲಾಗುವುದಿಲ್ಲ.

2. ಪಾಠಗಳನ್ನು ಎರಡು ರಾಶಿ ಮಾಡಿ

ಈ ಹೆಜ್ಜೆಗೆ ಸಮಯ ಕೊಡಿ, ಉಳಿದ ನಿರ್ಧಾರಗಳೆಲ್ಲ ಇದರ ಮೇಲೆ ನಿಂತಿವೆ. ಒಂದು ಹಾಳೆಯಲ್ಲಿ ಎರಡು ಅಂಕಣ ಎಳೆಯಿರಿ. ಒಂದಕ್ಕೆ ‘ಕಿವಿಯ ಪಾಠ’ ಎಂದೂ ಇನ್ನೊಂದಕ್ಕೆ ‘ಕೈಯ ಪಾಠ’ ಎಂದೂ ಹೆಸರು ಬರೆಯಿರಿ. ಕೇಳಿ ತಿಳಿಯುವಂಥದ್ದೆಲ್ಲ ಮೊದಲನೆಯದಕ್ಕೆ, ಮಾಡಿಯೇ ಕಲಿಯಬೇಕಾದದ್ದೆಲ್ಲ ಎರಡನೆಯದಕ್ಕೆ.

ಕಿವಿಯ ಪಾಠಗಳು ಪರದೆಯ ಮೇಲೂ ಅಷ್ಟೇ ಚೆನ್ನಾಗಿ ಬರುತ್ತವೆ. ಹೆರಿಗೆಯ ಹಂತಗಳು, ಗರ್ಭಕಂಠ 10 ಸೆಂಟಿಮೀಟರಿನವರೆಗೆ ತೆರೆದುಕೊಳ್ಳುವ ಬಗೆ, ಸುಳ್ಳು ನೋವಿಗೂ ನಿಜವಾದ ನೋವಿಗೂ ಇರುವ ವ್ಯತ್ಯಾಸ, ನೋವು ನಿವಾರಣೆಯ ವಿಧಾನಗಳು, ಅವುಗಳ ಲಾಭ ಮತ್ತು ಅಡ್ಡಪರಿಣಾಮ, ಸಿಸೇರಿಯನ್ ಯಾವಾಗ ಬೇಕಾಗುತ್ತದೆ, ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಏನಿರಬೇಕು, ಹೆರಿಗೆಯ ನಂತರದ ಮನಸ್ಸಿನ ಏರಿಳಿತ. ಇವುಗಳಲ್ಲಿ ಕೆಲವನ್ನು ಎರಡೆರಡು ಬಾರಿ ಕೇಳಬೇಕೆನಿಸುತ್ತದೆ, ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಬೇಕೆನಿಸುತ್ತದೆ. ಆ ಅನುಕೂಲ ಕೋಣೆಯ ತರಗತಿಗಿಲ್ಲ.

ಕೈಯ ಪಾಠಗಳ ಕಥೆ ಬೇರೆ. ದಂಡೆಯ ಮೇಲೆ ಕುಳಿತು ಈಜು ಕಲಿಯಲಾಗದು. ಒಂದು ಉದಾಹರಣೆ ನೋಡಿ. ನೋವಿನ ಅಲೆ ಬಂದಾಗ ಸೊಂಟದ ಕೆಳಭಾಗದ ಮೂಳೆಯ ಮೇಲೆ ಅಂಗೈಯ ಬುಡದಿಂದ ಒತ್ತಿ ಹಿಡಿದರೆ ಎಷ್ಟೋ ಹೆಂಗಸರಿಗೆ ಹಾಯೆನಿಸುತ್ತದೆ. ‘ಗಟ್ಟಿಯಾಗಿ ಒತ್ತಿ’ ಎಂದು ವಿಡಿಯೋ ಹೇಳುತ್ತದೆ. ಗಟ್ಟಿ ಎಂದರೆ ಎಷ್ಟು ಗಟ್ಟಿ? ಮೊದಲ ಸಲ ಮಾಡುವ ಗಂಡ ಹೂವು ಮುಟ್ಟಿದಂತೆ ಮುಟ್ಟುತ್ತಾನೆ. ತರಬೇತಿ ಕೊಡುವವರು ಅವನ ಕೈಯ ಮೇಲೆ ತಮ್ಮ ಕೈಯಿಟ್ಟು ಒತ್ತಿ ತೋರಿಸಿದಾಗಲೇ ಅವನಿಗೆ ಅಂದಾಜು ಸಿಗುವುದು. ಆ ಅಂದಾಜನ್ನು ಯಾವ ಕ್ಯಾಮೆರಾವೂ ದಾಟಿಸಲಾರದು.

ಮಗುವಿಗೆ ಉಸಿರು ನಿಂತಾಗ ಮಾಡುವ ಪ್ರಥಮ ಚಿಕಿತ್ಸೆಯೂ ಹಾಗೆಯೇ. ಶಿಶುವಿನ ಎದೆಯನ್ನು ಅದರ ದಪ್ಪದ ಮೂರನೇ ಒಂದು ಭಾಗದಷ್ಟು, ಸುಮಾರು 4 ಸೆಂಟಿಮೀಟರ್, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. 30 ಬಾರಿ ಒತ್ತಿದ ಮೇಲೆ 2 ಬಾರಿ ಉಸಿರು ಕೊಡಬೇಕು. ಓದಿದರೆ ಇದು ಒಂದು ವಾಕ್ಯ. ಅಭ್ಯಾಸದ ಗೊಂಬೆಯ ಮೇಲೆ ಒತ್ತಿ ನೋಡಿದಾಗ ಎರಡು ಸೆಂಟಿಮೀಟರಿಗೇ ಕೈ ಹೆದರಿ ನಿಲ್ಲುತ್ತದೆ. ಈ ಒಂದು ಪಾಠವನ್ನಾದರೂ ಮುಖಾಮುಖಿಯಾಗಿ ಕಲಿಯಿರಿ, ಉಳಿದದ್ದೆಲ್ಲ ಆನ್‌ಲೈನ್ ಆದರೂ ಪರವಾಗಿಲ್ಲ. ಅಜ್ಜಿಯರು, ದಾದಿಯರು, ಮಗುವನ್ನು ನೋಡಿಕೊಳ್ಳಲಿರುವವರು ಯಾರಿದ್ದರೂ ಅವರನ್ನೂ ಕರೆದುಕೊಂಡು ಹೋಗಿ.

ಕೈಯ ರಾಶಿಗೆ ಸೇರುವ ಇನ್ನಷ್ಟು: ಹೆರಿಗೆಯ ಹೊತ್ತಿನ ಭಂಗಿಗಳು, ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ, ಹಸುಗೂಸಿನ ಕತ್ತಿಗೆ ಆಸರೆ ಕೊಟ್ಟು ಎತ್ತುವುದು, ಸ್ನಾನ ಮಾಡಿಸುವುದು, ಸೊಂಟದ ಕೀಲುಗಳು ಬಿಗಿಯದಂತೆ ಬಟ್ಟೆಯಲ್ಲಿ ಸುತ್ತುವುದು.

ಎದೆಹಾಲು ಕುಡಿಸುವ ಪಾಠ ಮಾತ್ರ ಎರಡೂ ರಾಶಿಗೆ ಸೇರುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಶುರುವಾಗಬೇಕು, ಮೊದಲ ದಿನಗಳಲ್ಲಿ ದಿನಕ್ಕೆ 8ರಿಂದ 12 ಸಲ ಕುಡಿಸಬೇಕು, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂಬುದೆಲ್ಲ ಕಿವಿಗೆ. ಮಗು ಬಾಯಿ ಅಗಲಿಸಿ ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಬಾಯೊಳಗೆ ತೆಗೆದುಕೊಂಡಿದೆಯೇ, ಗಲ್ಲ ಎದೆಗೆ ತಗಲಿದೆಯೇ, ಮೂಗು ಬಿಡುವಾಗಿದೆಯೇ ಎಂಬುದು ಕಣ್ಣಿಗೆ ಮತ್ತು ಕೈಗೆ. ಇದರಲ್ಲಿ ಒಂದು ತಮಾಷೆಯೂ ಇದೆ. ಹೆರಿಗೆಗೆ ಮುಂಚೆ ಎಷ್ಟೇ ಕಲಿತರೂ ಗೊಂಬೆ ಹಾಲು ಕುಡಿಯುವುದಿಲ್ಲ! ನಿಜವಾದ ಪಾಠ ಶುರುವಾಗುವುದು ಮಗು ಬಂದ ಮೇಲೆ, ಬಾಣಂತಿ ಮನೆಯಿಂದ ಹೊರಡಲಾಗದ ಹೊತ್ತಿನಲ್ಲಿ. ಆಗ ಆನ್‌ಲೈನ್ ಸಲಹೆ ವರದಾನವೇ ಸರಿ. ಮೊಬೈಲನ್ನು ನಿಮ್ಮ ಭುಜದ ಮೇಲಿಂದ ಕೆಳಗೆ ನೋಡುವಂತೆ ಯಾರಾದರೂ ಹಿಡಿದರೆ, ನೀವು ಕಾಣುವುದನ್ನೇ ಸಲಹೆಗಾರರೂ ಕಾಣುತ್ತಾರೆ.

3. ನಿಮ್ಮ ಸ್ಥಿತಿಯನ್ನು ನೀವೇ ನೋಡಿಕೊಳ್ಳಿ

ವಿಶ್ರಾಂತಿಯಲ್ಲಿರಲು ವೈದ್ಯರು ಹೇಳಿದ್ದರೆ, ಪ್ರಯಾಣ ಬೇಡವೆಂದಿದ್ದರೆ, ಸೋಂಕಿನ ಭಯವಿದ್ದರೆ, ತರಗತಿ ನಡೆಯುವ ಜಾಗ ಬಹಳ ದೂರವಿದ್ದರೆ ಚರ್ಚೆಯೇ ಬೇಡ, ಆನ್‌ಲೈನ್ ಆರಿಸಿ. ಪತಿ ಬೇರೆ ಊರಿನಲ್ಲಿದ್ದು ಇಬ್ಬರೂ ಒಟ್ಟಿಗೆ ಕಲಿಯಬೇಕೆಂದಿದ್ದರೂ ಅದೇ. ಕೆಲಸದ ಪಾಳಿ ಅಡ್ಡಬರುವವರಿಗೂ ಅದೇ.

ಆದರೆ ‘ಮನೆಯಲ್ಲೇ ಇರುತ್ತೇನಲ್ಲ, ಸುಲಭ’ ಎಂದು ಆನ್‌ಲೈನಿಗೆ ಹೋಗುವವರು ಮನೆಯನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಬೇಕು. ಒಂದು ಗಂಟೆ ಯಾರೂ ಕರೆಯದ ಕೋಣೆ ಸಿಗುತ್ತದೆಯೇ? ದೊಡ್ಡ ಮಗು ಮಡಿಲಿಗೆ ಹತ್ತುವುದಿಲ್ಲವೇ? ಪಕ್ಕದ ಕೋಣೆಯವರಿಗೆ ಕೇಳಿಸಬಹುದೆಂಬ ಸಂಕೋಚದಿಂದ ಕೇಳಬೇಕಾದದ್ದನ್ನು ಕೇಳದೆ ಬಿಡುತ್ತೀರಾ? ಮನೆಯಲ್ಲಿ ಭಯವಿರುವ, ಬೈಗುಳ ಅಥವಾ ಹೊಡೆತವಿರುವ ಹೆಂಗಸಿಗೆ ಕೋಣೆಯ ತರಗತಿ ವಾರಕ್ಕೊಮ್ಮೆಯಾದರೂ ಹೊರಗಿನ ಗಾಳಿ, ಹೊರಗಿನ ಕಿವಿ. ಅಂಥವರು ಕಷ್ಟಪಟ್ಟಾದರೂ ಹೊರಗೆ ಹೋಗಲಿ.

ಒಂಟಿತನ ಕಾಡುತ್ತಿದ್ದರೂ ಮುಖಾಮುಖಿಯೇ ಒಳ್ಳೆಯದು. ಸ್ನೇಹ ಬೆಳೆಯುವುದು ಪಾಠದ ಹೊತ್ತಿನಲ್ಲಲ್ಲ, ಪಾಠದ ಮುಂಚಿನ, ನಂತರದ ಹತ್ತು ನಿಮಿಷಗಳಲ್ಲಿ. ಪಾದರಕ್ಷೆ ಹಾಕಿಕೊಳ್ಳಲು ಬಗ್ಗಲಾಗದೆ ಇಬ್ಬರು ಒಬ್ಬರನ್ನೊಬ್ಬರು ನೋಡಿ ನಕ್ಕಾಗ. ಆನ್‌ಲೈನ್ ತರಗತಿ ಮುಗಿದ ಕೂಡಲೇ ಪರದೆ ಕಪ್ಪಾಗುತ್ತದೆ, ಆ ಹತ್ತು ನಿಮಿಷ ಅಲ್ಲಿ ಹುಟ್ಟುವುದೇ ಇಲ್ಲ.

ಹಿಂದೆ ಗರ್ಭಪಾತವಾಗಿದ್ದವರ, ಮಗುವನ್ನು ಕಳೆದುಕೊಂಡವರ ವಿಷಯ ಸೂಕ್ಷ್ಮ. ಉಬ್ಬಿದ ಹೊಟ್ಟೆಗಳ ಸಾಲಿನಲ್ಲಿ, ಎಲ್ಲರೂ ‘ಇದು ಎಷ್ಟನೆಯದು?’ ಎಂದು ಕೇಳುವ ಕಡೆ, ಕೂರುವುದು ಕೆಲವರಿಗೆ ಆಗುವುದಿಲ್ಲ. ಕ್ಯಾಮೆರಾ ಮುಚ್ಚಿ ಕುಳಿತುಕೊಳ್ಳುವ ಸ್ವಾತಂತ್ರ್ಯ ಅಂಥವರಿಗೆ ದೊಡ್ಡದು. ಒಬ್ಬರಿಗೇ ಹೇಳುವ ಪಾಠ ಸಿಕ್ಕರೆ ಇನ್ನೂ ಒಳ್ಳೆಯದು.

4. ಕಲಿಸುವವರನ್ನು ವಿಚಾರಿಸಿ

ಹಣ ಕಟ್ಟುವ ಮೊದಲು ಒಂದು ಫೋನ್ ಕರೆ ಮಾಡಿ. ಮೊದಲ ಪ್ರಶ್ನೆ: ನಿಮ್ಮ ತರಬೇತಿ ಏನು, ಎಲ್ಲಿ ಪಡೆದಿರಿ? ಪ್ರಸೂತಿ ತಜ್ಞೆ, ಶುಶ್ರೂಷಕಿ, ತರಬೇತಾದ ಸೂಲಗಿತ್ತಿ, ಫಿಸಿಯೋಥೆರಪಿಸ್ಟ್, ಪ್ರಮಾಣಪತ್ರವಿರುವ ಹೆರಿಗೆ ಶಿಕ್ಷಕಿ, ಇವರಲ್ಲಿ ಯಾರಾದರೂ ಸರಿ. ತಾವು ಎರಡು ಮಕ್ಕಳನ್ನು ಹೆತ್ತಿರುವುದೇ ಅರ್ಹತೆ ಎನ್ನುವವರಿಗೆ ಶುಭ ಹಾರೈಸಿ ಫೋನ್ ಇಡಿ.

ಎರಡನೆಯದು, ಒಂದು ತಂಡದಲ್ಲಿ ಎಷ್ಟು ಮಂದಿ? ಹತ್ತು ಹನ್ನೆರಡರ ಮೇಲೆ ಹೋದರೆ ಕೋಣೆಯಲ್ಲೂ ಕಷ್ಟ, ಪರದೆಯಲ್ಲಿ ಮುಖಗಳು ಅಂಚೆಚೀಟಿಯಷ್ಟಾಗುತ್ತವೆ. ಮೂರನೆಯದು, ಪಾಠ ನೇರವೋ, ಮೊದಲೇ ಚಿತ್ರೀಕರಿಸಿದ್ದೋ? ‘ಆನ್‌ಲೈನ್’ ಎಂಬ ಒಂದೇ ಪದದ ಹಿಂದೆ ಎರಡೂ ಅಡಗಿರುತ್ತವೆ, ಬಿಡಿಸಿ ಕೇಳದಿದ್ದರೆ ಹೇಳುವುದಿಲ್ಲ. ಪಾಠದ ನಡುವಿನ ಪ್ರಶ್ನೆಗೆ ಯಾರು ಉತ್ತರಿಸುತ್ತಾರೆ, ಎಷ್ಟು ಹೊತ್ತಿನಲ್ಲಿ ಎಂಬುದನ್ನೂ ಕೇಳಿ. ತರಗತಿಯನ್ನು ಚಿತ್ರೀಕರಿಸುತ್ತಾರೆಯೇ, ಅದನ್ನು ಯಾರು ನೋಡಬಹುದು ಎಂಬುದು ನಿಮ್ಮ ಖಾಸಗಿತನದ ಪ್ರಶ್ನೆ, ಕೇಳಲು ನಾಚಬೇಡಿ.

ಕೊನೆಯದಾಗಿ ಒಂದು ಪರೀಕ್ಷೆ ಮಾಡಿ. ‘ಸಿಸೇರಿಯನ್ ಬಗ್ಗೆ ಏನು ಕಲಿಸುತ್ತೀರಿ?’ ಎಂದು ಕೇಳಿ. ಅದನ್ನು ಸೋಲು ಎಂಬಂತೆ ಮಾತನಾಡಿದರೆ, ಅಥವಾ ನೋವು ನಿವಾರಕ ಪಡೆಯುವವರನ್ನು ಹೀಗಳೆದರೆ, ಆ ತರಗತಿ ನಿಮಗೆ ಧೈರ್ಯಕ್ಕಿಂತ ಹೆಚ್ಚಾಗಿ ಅಪರಾಧಪ್ರಜ್ಞೆಯನ್ನೇ ಕೊಟ್ಟು ಕಳಿಸುತ್ತದೆ. ಒಳ್ಳೆಯ ಶಿಕ್ಷಕಿ ಆಸ್ಪತ್ರೆಯ ಪರವೂ ಅಲ್ಲ, ವಿರುದ್ಧವೂ ಅಲ್ಲ. ವೈದ್ಯರ ಮುಂದೆ ಯಾವ ಪ್ರಶ್ನೆ ಕೇಳಬೇಕೆಂದು ಕಲಿಸುತ್ತಾಳೆ.

5. ಆನ್‌ಲೈನ್ ಆರಿಸಿಕೊಂಡಿದ್ದರೆ

ಮೊಬೈಲಿನ ಪರದೆ ಸಾಲದು. ಲ್ಯಾಪ್‌ಟಾಪ್ ಇದ್ದರೆ ಅದನ್ನೇ ಬಳಸಿ. ಕ್ಯಾಮೆರಾವನ್ನು ಮುಖದ ಎದುರಿಗಿಡುವುದು ಎಲ್ಲರೂ ಮಾಡುವ ತಪ್ಪು. ಶಿಕ್ಷಕಿ ತಿದ್ದಬೇಕಾದದ್ದು ನಿಮ್ಮ ಬೆನ್ನು, ಸೊಂಟ ಮತ್ತು ಮಂಡಿಗಳನ್ನು. ವ್ಯಾಯಾಮದ ಹೊತ್ತಿನಲ್ಲಿ ಕ್ಯಾಮೆರಾ ಪಕ್ಕಕ್ಕೆ, ನೆಲದಿಂದ ಎರಡಡಿ ಎತ್ತರದಲ್ಲಿ, ಇಡೀ ದೇಹ ಕಾಣುವಷ್ಟು ದೂರದಲ್ಲಿರಲಿ. ಬೆಳಕು ನಿಮ್ಮ ಮುಂದಿನಿಂದ ಬರಲಿ. ಬೆನ್ನ ಹಿಂದೆ ಕಿಟಕಿಯಿದ್ದರೆ ನೀವು ನೆರಳಿನ ಗೊಂಬೆಯಾಗಿ ಕಾಣುತ್ತೀರಿ.

ಜಾರದ ಚಾಪೆ, ಮೂರ್ನಾಲ್ಕು ದಿಂಬು, ಗಟ್ಟಿಯಾದ ಕುರ್ಚಿ, ನೀರು ಹತ್ತಿರವಿರಲಿ. ಸುಮಾರು ಮೂರು ಕೆಜಿ ತೂಗುವ ಯಾವುದಾದರೂ ಗಂಟನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ. ಹಗುರವಾದ ಆಟಿಕೆ ಗೊಂಬೆಯನ್ನು ಎತ್ತಿ ಪಳಗಿದ ಕೈಗೆ ಮಗುವಿನ ಭಾರ ಆಶ್ಚರ್ಯ ತರುತ್ತದೆ.

ವ್ಯಾಯಾಮದಲ್ಲಿ ಆನ್‌ಲೈನಿಗೆ ಒಂದು ಅಪಾಯವಿದೆ. ಕೋಣೆಯಲ್ಲಾದರೆ ನಿಮ್ಮ ಮುಖ ಬಿಳಿಚಿಕೊಂಡದ್ದನ್ನು ಯಾರಾದರೂ ಕಾಣುತ್ತಾರೆ. ಮನೆಯಲ್ಲಿ ನೀವೇ ಕಾವಲು. ತಲೆಸುತ್ತು, ಎದೆನೋವು, ವ್ಯಾಯಾಮಕ್ಕೆ ಮೊದಲೇ ಏದುಸಿರು, ರಕ್ತಸ್ರಾವ, ಗರ್ಭದ ನೀರು ಹೋಗುವುದು, ಮತ್ತೆ ಮತ್ತೆ ಬರುವ ಹೊಟ್ಟೆಯ ಬಿಗಿತ, ಮೀನಖಂಡದ ಊತ ಅಥವಾ ನೋವು, ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ನಿಲ್ಲಿಸಿ ವೈದ್ಯರನ್ನು ಸಂಪರ್ಕಿಸಿ. ಗರ್ಭ ಬೆಳೆದ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ಮಾಡುವ ಭಂಗಿಗಳು ಬೇಡ. ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಗರ್ಭಿಣಿಯರಿಗೆಂದು ಮಾಡಿರದ ಸಾಮಾನ್ಯ ವ್ಯಾಯಾಮದ ವಿಡಿಯೋಗಳಲ್ಲಿ ಈ ಎಚ್ಚರಿಕೆ ಇರುವುದಿಲ್ಲ. ಯಾರಾದರೂ ಕೂಗಳತೆಯಲ್ಲಿರುವ ಹೊತ್ತನ್ನೇ ಆರಿಸಿಕೊಳ್ಳಿ.

ಮೊದಲೇ ಚಿತ್ರೀಕರಿಸಿದ ಪಾಠಗಳನ್ನೇ ಕೊಂಡಿದ್ದರೆ ಅವನ್ನು ‘ಬಿಡುವಾದಾಗ ನೋಡುತ್ತೇನೆ’ ಎಂದು ಬಿಡಬೇಡಿ. ಆ ಬಿಡುವು ಬರುವುದಿಲ್ಲ. ವಾರದ ಒಂದು ದಿನ, ಒಂದು ಹೊತ್ತನ್ನು ಗೊತ್ತುಮಾಡಿ, ಪ್ರತಿ ಪಾಠದ ಕೊನೆಗೆ ಮೂರು ಪ್ರಶ್ನೆ ಬರೆದಿಟ್ಟು ಮುಂದಿನ ತಪಾಸಣೆಯ ದಿನ ವೈದ್ಯರ ಮುಂದಿಡಿ.

6. ಮುಖಾಮುಖಿ ಆರಿಸಿಕೊಂಡಿದ್ದರೆ

ಇಲ್ಲಿ ಹೇಳುವುದು ಕಡಿಮೆ. ಸಡಿಲ ಬಟ್ಟೆ ಧರಿಸಿ, ಶೌಚಾಲಯದ ಹತ್ತಿರ ಕುಳಿತುಕೊಳ್ಳಿ, ಮುಂದಿನ ಸಾಲು ಬಿಡಬೇಡಿ. ಗೊಂಬೆ ಕೈಯಿಂದ ಕೈಗೆ ಬರುವಾಗ ‘ನೋಡಿದೆನಲ್ಲ’ ಎಂದು ಮುಂದಕ್ಕೆ ದಾಟಿಸಬೇಡಿ. ಅದಕ್ಕಾಗಿಯೇ ನೀವು ಅಷ್ಟು ದೂರ ಬಂದಿರುವುದು. ಜ್ವರವಿದ್ದ ದಿನ ಹೋಗಬೇಡಿ.

ಆಸ್ಪತ್ರೆಯ ತರಗತಿಯಾದರೆ ಹೆರಿಗೆ ವಾರ್ಡನ್ನು ಸುತ್ತಿಬರುವ ಅವಕಾಶ ಸಿಗಬಹುದು. ವಿಡಿಯೋದಲ್ಲಿ ತೋರಿಸುವ ಆಸ್ಪತ್ರೆ ಯಾವಾಗಲೂ ಹಗಲಿನದು, ಎಲ್ಲರೂ ನಗುತ್ತಿರುತ್ತಾರೆ. ನೀವು ಹೋಗುವುದು ರಾತ್ರಿ ಎರಡು ಗಂಟೆಗಿರಬಹುದು. ರಾತ್ರಿ ತೆರೆದಿರುವ ಬಾಗಿಲು ಯಾವುದು, ವಾಹನ ಎಲ್ಲಿ ನಿಲ್ಲಿಸಬೇಕು, ಹೆರಿಗೆ ಕೋಣೆಯೊಳಗೆ ಜೊತೆಗಾರರನ್ನು ಬಿಡುತ್ತಾರೆಯೇ ಎಂದು ಅಲ್ಲೇ ಕೇಳಿ. ತರಗತಿ ಆನ್‌ಲೈನ್ ಆಗಿದ್ದರೂ ಈ ಒಂದು ಭೇಟಿಯನ್ನು ಕಾಲ್ನಡಿಗೆಯಲ್ಲೇ ಮಾಡಿ ಬನ್ನಿ.

7. ಜೊತೆಗಾರರನ್ನು ಮರೆಯಬೇಡಿ

ತರಗತಿಯ ಪರಿಣಾಮದ ಬಗ್ಗೆ ಸಾಕ್ಷ್ಯ ಮಸುಕಾಗಿದ್ದರೂ, ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವವರ ಬಗ್ಗೆ ಅದು ಗಟ್ಟಿಯಾಗಿದೆ. 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಪ್ರಯೋಗಗಳನ್ನು ಪರಿಶೀಲಿಸಿದ ಕೊಕ್ರೇನ್‌ನ 2017ರ ವರದಿಯ ಪ್ರಕಾರ, ಹೆರಿಗೆಯುದ್ದಕ್ಕೂ ಆಸರೆಯಾಗಿ ಒಬ್ಬರಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ಹೆರಿಗೆಯ ಅವಧಿ ಕೊಂಚ ಕಡಿಮೆಯಾಗುತ್ತದೆ. ಹಾಗಿರುವಾಗ ಪಾಠಕ್ಕೆ ನೀವೊಬ್ಬರೇ ಹೋಗಿ ಬಂದು, ಹೆರಿಗೆ ಕೋಣೆಯಲ್ಲಿ ಏನೂ ಗೊತ್ತಿಲ್ಲದ ಒಬ್ಬರು ಪಕ್ಕದಲ್ಲಿ ನಿಂತರೆ ಅರ್ಧ ಪಾಠ ವ್ಯರ್ಥ.

ಜೊತೆಗಾರರು ಪತಿಯೇ ಆಗಬೇಕಿಲ್ಲ; ತಾಯಿ, ಅಕ್ಕ, ಗೆಳತಿ ಯಾರೂ ಆಗಬಹುದು. ಪರದೆಯ ಪಾಠದಲ್ಲಿ ಜೊತೆಗಾರರು ಬಹುಬೇಗ ಪ್ರೇಕ್ಷಕರಾಗಿಬಿಡುತ್ತಾರೆ. ಒಂದು ಕಿವಿ ಇಲ್ಲಿ, ಒಂದು ಕಣ್ಣು ತಮ್ಮ ಮೊಬೈಲಿನಲ್ಲಿ. ಕೈಯ ಪಾಠವಿರುವ ದಿನವಾದರೂ ಅವರನ್ನು ಕೋಣೆಗೆ ಎಳೆದುಕೊಂಡು ಹೋಗಿ. ಅಲ್ಲಿ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ.

8. ಬೆರೆಸಿ ಒಂದು ವೇಳಾಪಟ್ಟಿ ಮಾಡಿ

ಯಾವ ನಿರ್ಬಂಧವೂ ಇಲ್ಲದವರಿಗೆ ನಾನು ಹೇಳುವುದು ಹೀಗೆ. ಇಪ್ಪತ್ತನೆಯ ವಾರದ ಆಸುಪಾಸಿನಲ್ಲಿ, ವೈದ್ಯರ ಒಪ್ಪಿಗೆ ಪಡೆದು, ವ್ಯಾಯಾಮದ ಮೊದಲ ಎರಡು ಮೂರು ತರಗತಿಗಳನ್ನು ಮುಖಾಮುಖಿಯಾಗಿ ಮಾಡಿ. ಭಂಗಿ ಸರಿಯಾದ ಮೇಲೆ ಆನ್‌ಲೈನಿನಲ್ಲಿ ಮುಂದುವರಿಸಿ. 28ರಿಂದ 34ರವರೆಗೆ ಹೆರಿಗೆಯ ಕಿವಿಯ ಪಾಠಗಳು ಮನೆಯಲ್ಲೇ, ನೇರ ಆನ್‌ಲೈನ್ ತರಗತಿಯಲ್ಲಿ. 34ರ ಹೊತ್ತಿಗೆ ಒಂದು ಇಡೀ ದಿನ, ಇಲ್ಲವೇ ಎರಡು ಅರ್ಧ ದಿನ, ಜೊತೆಗಾರರೊಂದಿಗೆ ಕೋಣೆಯಲ್ಲಿ: ಭಂಗಿ, ಒತ್ತುವಿಕೆ, ಗೊಂಬೆ, ಶಿಶು ಪ್ರಥಮ ಚಿಕಿತ್ಸೆ. 36ರೊಳಗೆ ಆಸ್ಪತ್ರೆ ಭೇಟಿ. ಹೆರಿಗೆಯಾದ ಮೊದಲ ಎರಡು ವಾರಕ್ಕೆಂದು ಎದೆಹಾಲಿನ ಆನ್‌ಲೈನ್ ಸಲಹೆಗಾರರೊಬ್ಬರ ಸಂಖ್ಯೆಯನ್ನು ಮೊದಲೇ ಪಡೆದಿಟ್ಟುಕೊಳ್ಳಿ. ಆಗ ಹುಡುಕುತ್ತೇನೆ ಎಂದರೆ ಆಗುವುದಿಲ್ಲ.

ಬಾಣಂತನದ ಮನಸ್ಸಿಗೂ ಅಷ್ಟೇ. ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಅದು ಬಿಡದಿದ್ದರೆ, ಮಗುವಿನ ಕಡೆ ಮನಸ್ಸೇ ಹೋಗದಿದ್ದರೆ ವೈದ್ಯರಿಗೆ ಹೇಳಬೇಕು. ನಿಮಗೋ ಮಗುವಿಗೋ ಹಾನಿ ಮಾಡಿಬಿಡುತ್ತೇನೇನೋ ಎಂಬ ಯೋಚನೆ ಸುಳಿದರೆ ಎರಡು ವಾರ ಕಾಯುವಂತಿಲ್ಲ, ಅಂದೇ ಹೇಳಬೇಕು. ತರಗತಿಯ ಗೆಳತಿಯರ ಗುಂಪು ಇದನ್ನು ನಿಮಗಿಂತ ಮೊದಲೇ ಗುರುತಿಸುವುದೂ ಉಂಟು.

9. ಕಲಿತದ್ದನ್ನು ಬಾಗಿಲ ಹಿಂದೆ ಅಂಟಿಸಿ

ಎಲ್ಲ ಪಾಠ ಮುಗಿದ ಮೇಲೆ ಒಂದು ಸಂಜೆ ಪುಸ್ತಕ, ಮೊಬೈಲು ಮುಚ್ಚಿಟ್ಟು ಜೊತೆಗಾರರಿಂದ ಬಾಯಿಪರೀಕ್ಷೆ ಮಾಡಿಸಿಕೊಳ್ಳಿ. ನೀವೂ ಅವರಿಗೆ ಮಾಡಿ. ಯಾವ ಉತ್ತರದಲ್ಲಿ ತಡವರಿಸುತ್ತೀರೋ ಆ ಪಾಠಕ್ಕೆ ಮರಳಿ ಹೋಗಿ. ಆಮೇಲೆ ಕೆಳಗಿನ ಉತ್ತರಗಳನ್ನು ದಪ್ಪ ಅಕ್ಷರದಲ್ಲಿ ಒಂದೇ ಹಾಳೆಗೆ ಇಳಿಸಿ. ನಿಮ್ಮ ವೈದ್ಯರು ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೇ ಬರೆಯಿರಿ.

ಯಾವಾಗ ಹೊರಡಬೇಕು: ನೋವು 5 ನಿಮಿಷಕ್ಕೊಮ್ಮೆ ಬಂದು, ಪ್ರತಿ ಬಾರಿ ಸುಮಾರು 1 ನಿಮಿಷ ಉಳಿದು, ಹೀಗೆ 1 ಗಂಟೆ ನಡೆದರೆ. ಇದು ಮೊದಲ ಹೆರಿಗೆಯ ಲೆಕ್ಕ. ಎರಡನೆಯ ಹೆರಿಗೆಯಾದರೆ, ಆಸ್ಪತ್ರೆ ದೂರವಾದರೆ, ಅದಕ್ಕೂ ಮುಂಚೆ.

ಲೆಕ್ಕ ಹಾಕದೆ ತಕ್ಷಣ ಹೊರಡಬೇಕಾದವು: 37 ವಾರಕ್ಕೆ ಮೊದಲೇ ನೋವು ಬಂದರೆ, ಗರ್ಭದ ನೀರು ಹೋದರೆ, ಅದರಲ್ಲೂ ಹಸಿರು ಅಥವಾ ಕಂದು ಬಣ್ಣವಿದ್ದರೆ, ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈಗಳು ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಸೆಳವು, ಜ್ವರ, ಮಗುವಿನ ಚಲನೆ ಕಡಿಮೆಯಾಗುವುದು. ದಿನ ಹತ್ತಿರ ಬಂದಂತೆ ಮಗು ಅಲುಗಾಡುವುದು ಕಡಿಮೆಯಾಗುತ್ತದೆ ಎಂಬ ಮಾತು ತಪ್ಪು. ಬೆಳಗಾಗಲಿ ನೋಡೋಣ ಎಂದು ಕಾಯಬೇಡಿ.

ಹೆರಿಗೆಯ ನಂತರ: ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತಸ್ರಾವ, ಜ್ವರ, ತೀವ್ರ ತಲೆನೋವು, ಏದುಸಿರು, ಒಂದೇ ಕಾಲಿನ ಊತ.

ಮಗುವಿಗೆ: ಅಂಗಾತ ಮಲಗಿಸಿ, ಹಾಸಿಗೆ ಗಟ್ಟಿಯಿರಲಿ. ಮುಖದ ಬಳಿ ದಿಂಬು, ಹೊದಿಕೆ ಬೇಡ.

ಹಾಳೆಯ ಕೆಳಗೆ ಮೂರು ಫೋನ್ ಸಂಖ್ಯೆಗಳು: ಆಸ್ಪತ್ರೆಯ ಹೆರಿಗೆ ವಿಭಾಗ, ಆಂಬ್ಯುಲೆನ್ಸ್, ನಡುರಾತ್ರಿಯಲ್ಲೂ ವಾಹನ ತರಬಲ್ಲ ಒಬ್ಬರು. ಹಾಳೆಯನ್ನು ಮುಂಬಾಗಿಲ ಒಳಗಡೆ, ಕಣ್ಣೆತ್ತರಕ್ಕೆ ಅಂಟಿಸಿ. ಒಂದು ಪ್ರತಿ ಆಸ್ಪತ್ರೆಯ ಚೀಲದ ಹೊರಜೇಬಿನಲ್ಲಿರಲಿ.